ಜೋಹಡಿನ ಬಾಯಿಯಲ್ಲಿ ನಿಂತ ರುಬ್ಬುಗುಂಡು

ಕಾಂತಪ್ಪಣ್ಣ ಆ ಕಲ್ಲನ್ನು ಜೋಹಡಿಗೆ ಸಾಗಿಸಿದ್ದು ನೀರು ಅಳೆಯಲಿಕ್ಕೆ. ಇದನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ಆಮೇಲಿನದನ್ನು ಕೇಳಿದವರಲ್ಲಿ ಅರ್ಧ ಜನ ಅವರು ಬೇಕೆಂದೇ ಹಾಗೆ ಮಾಡಿದರು ಅನ್ನುತ್ತಾರೆ. ಉಳಿದರ್ಧ ಜನ, ಅವರ ಕೈಯಲ್ಲಿ ಏನೂ ಇರಲಿಲ್ಲ ಅನ್ನುತ್ತಾರೆ. ಈ ಎರಡನೆಯವರ ಮಾತು ಕೇಳಿದರೆ ನನಗೆ ಹೆಚ್ಚು ಹೆದರಿಕೆ.

ನಮ್ಮ ಮಾವನ ಹೋಟೆಲು ಓಖ್ಲಾದಲ್ಲಿದೆ, ಬಟ್ಟೆ ಹೊಲಿಯುವ ಕಾರ್ಖಾನೆಗಳ ಬೀದಿಯಲ್ಲಿ. ಕಾಂತಪ್ಪಣ್ಣ ಹತ್ತೊಂಬತ್ತನೇ ವಯಸ್ಸಿಗೆ ಬೆಳ್ತಂಗಡಿ ಕಡೆಯಿಂದ ಬಂದು ಅಲ್ಲಿ ಹಿಟ್ಟು ರುಬ್ಬಲು ನಿಂತರು. ಇಪ್ಪತ್ತೆರಡು ವರ್ಷ ಅವರು ಮಾಡಿದ್ದು ಅದೊಂದೇ ಕೆಲಸ. ನೆಲದ ಮೇಲೆ ಕಾಲು ಅಗಲಿಸಿ ಕೂತು, ದೊಡ್ಡ ಒರಳಿನೊಳಗೆ ಐದಾರು ವರ್ಷದ ಮಗುವಿನಷ್ಟು ಭಾರದ ಗುಂಡನ್ನು ಬಲಗೈಯಲ್ಲಿ ತಿರುಗಿಸುವುದು, ಎಡಗೈಯಲ್ಲಿ ಉದ್ದು ದೂಡುವುದು. ರುಬ್ಬುತ್ತ ರುಬ್ಬುತ್ತ ಕಲ್ಲಿಗೆ ಬಿಸಿ ಏರುತ್ತದಂತೆ. ಬಿಸಿ ಏರಿದರೆ ಹಿಟ್ಟು ಬೇಗ ಹುಳಿಯುತ್ತದೆ. ಅಂಗೈಯಿಂದಲೇ ಅದನ್ನು ತಿಳಿದು ತಣ್ಣೀರು ಚಿಮುಕಿಸುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಮಶೀನು ಬಂತು. ಕಲ್ಲು ಹಿತ್ತಿಲಿಗೆ ಹೋಯಿತು. ಕಾಂತಪ್ಪಣ್ಣ ಮಶೀನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಹಿಟ್ಟಿನ ಹದ ಮಾತ್ರ ಇವತ್ತಿಗೂ ಅವರೇ ನೋಡಬೇಕು.

ಅವರೂ ಹೆಂಡತಿ ಉಮಾವತಿಯಕ್ಕನೂ ಬಡಖೇಡಾದಲ್ಲಿ ಇರುತ್ತಾರೆ. ದೆಹಲಿಯ ಅಂಚಿನಲ್ಲಿ ಅರಾವಳಿ ಗುಡ್ಡದ ಬುಡಕ್ಕೆ ಅಂಟಿಕೊಂಡ ಹಳ್ಳಿ. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೋಡೆ ದಾಟಿದರೆ ಅದೇ. ಅವರ ಕೋಣೆಯ ಮಾಲೀಕರು ರಾಮ್‌ಕಲಿ ದಾದಿ. ದಾದಿ ಅಂದರೆ ಇಲ್ಲಿ ಅಜ್ಜಿ. ಎಪ್ಪತ್ತು ದಾಟಿದ ಹೆಂಗಸು, ಎಮ್ಮೆ ಸಾಕಿದವರು. ಊರಿನ ಪಂಚರು ಕೂಡ ಮಾತಾಡುವ ಮೊದಲು ಅವರ ಮುಖ ನೋಡುತ್ತಾರೆ.

ಜೋಹಡ್ ಅಂದರೆ ಇಲ್ಲಿಯ ಹಳ್ಳಿಗಳ ಕೆರೆ. ಗುಡ್ಡದ ಮೇಲೆ ಬಿದ್ದ ಮಳೆ ಒಂದು ಕೊರಕಲಿನಲ್ಲಿ ಇಳಿದು ಅದರ ಬಾಯಿಯಿಂದ ಒಳಗೆ ಬರುತ್ತದೆ. ತುಂಬಿದ ಮೇಲೆ ಆಚೆ ಬದಿಯ ಕೋಡಿಯಿಂದ ನಾಲೆಗೆ, ನಾಲೆಯಿಂದ ಯಮುನೆಗೆ. ನಾನು ಮದುವೆಯಾಗಿ ಬಂದಾಗ ಅದು ಒಡೆದ ಮನೆಗಳ ಮಲಬಾ ಸುರಿಯುವ ಗುಂಡಿಯಾಗಿತ್ತು. ಇಟ್ಟಿಗೆ ಚೂರು, ಕಮೋಡು, ಹಾಸಿಗೆಯ ಹತ್ತಿ. ಮಳೆ ಬಂದರೆ ಬಾಯಿ ಕಟ್ಟಿಕೊಂಡ ನೀರು ಪಕ್ಕದ ರಸ್ತೆ ಹಾರಿ ಕೆಳಗಿನ ಝುಗ್ಗಿಗಳಿಗೆ, ಕೂಲಿಯವರ ಗುಡಿಸಲುಗಳಿಗೆ, ನುಗ್ಗುತ್ತಿತ್ತು. ಹಾಗೆ ನುಗ್ಗಿದ ಒಂದು ಬೆಳಿಗ್ಗೆ ನಮ್ಮ ಹೋಟೆಲಿನ ಪಾತ್ರೆ ತೊಳೆಯುವವಳು ಮಂಚದ ಮೇಲೆ ಮಂಚ ಇಟ್ಟು ಅದರ ಮೇಲೆ ಎರಡು ಮಕ್ಕಳನ್ನು ಕೂರಿಸಿಕೊಂಡಿದ್ದಳು.

ನಮ್ಮ ಬಿಲ್ಡಿಂಗಿನ ಚಂದ್ರಮೋಹನ್ ಸರ್ ಕೇಂದ್ರ ಸರಕಾರದ ಕಚೇರಿಯಿಂದ ನಿವೃತ್ತರಾದವರು, ಮೈಸೂರಿನವರು. ಭಾನುವಾರದ ಗುಂಪು ಕಟ್ಟಿದ್ದು ಅವರೇ. ಬೆಳಿಗ್ಗೆ ಆರಕ್ಕೆ ಸಲಿಕೆ, ಬುಟ್ಟಿ, ಕೈಗವಸು. ಮೊದಮೊದಲು ಎಂಟು ಜನ, ಆಮೇಲೆ ಹಳ್ಳಿಯವರೂ ಝುಗ್ಗಿಯವರೂ ಸೇರಿ ನಲವತ್ತು. ಕಾಂತಪ್ಪಣ್ಣ ಮೊದಲ ಭಾನುವಾರ ಉಪ್ಪಿಟ್ಟಿನ ಡಬ್ಬಿ ಹೊತ್ತು ಬಂದವರು ಎರಡನೇ ಭಾನುವಾರ ಸಲಿಕೆ ಹಿಡಿದರು.

"ರೀ ಕಾಂತಪ್ಪ, ನೀವು ಉಪ್ಪಿಟ್ಟು ನೋಡ್ಕೊಳ್ಳಿ ಸಾಕು, ವಯಸ್ಸಾಯ್ತು," ಅಂದರು ಚಂದ್ರಮೋಹನ್ ಸರ್.

"ನಿಮಗಿಂತ ಆರು ವರ್ಷ ಸಣ್ಣವ ನಾನು. ನೀವು ಫೈಲು ನೋಡ್ಕೊಳ್ಳಿ," ಅಂದರು ಇವರು.

ಬಾಯಿ ಬಿಡಿಸಿದ ಮೇಲೆ ನೀರಿನ ಮಟ್ಟ ಓದಲು ಒಂದು ಅಳತೆಗಂಬ ಬೇಕಿತ್ತು. ಕಬ್ಬಿಣದ ಕಂಬ ನೆಟ್ಟೆವು, ನಾಲ್ಕು ದಿನಕ್ಕೆ ಮಾಯ. ಎರಡನೆಯದೂ ಹೋಯಿತು. ಮೂರನೆಯದನ್ನು ಕಾಂಕ್ರೀಟಿನ ಬುಡದ ಸಮೇತ ಕಿತ್ತುಕೊಂಡು ಹೋದರು. ಆಗ ಕಾಂತಪ್ಪಣ್ಣ ಹೇಳಿದರು: "ಹೋಟೆಲಿನ ಹಿತ್ತಿಲಲ್ಲಿ ನನ್ನ ಕಡೆಯುವ ಕಲ್ಲು ಉಂಟಲ್ಲ. ಅದನ್ನು ಕದಿಯಲಿಕ್ಕೆ ನಾಲ್ಕು ಜನ ಬೇಕು. ಕದ್ದು ಎಂತ ಮಾಡಿಯಾರು?"

ಟೆಂಪೋದಲ್ಲಿ ತಂದೆವು. ಒರಳನ್ನು ಬಾಯಿಯ ನಡುವೆ ಹೂತು, ಗುಂಡನ್ನು ಅದರೊಳಗೆ ನೆಟ್ಟಗೆ ನಿಲ್ಲಿಸಿ, ಅಲುಗದ ಹಾಗೆ ಮೂರು ಚಕ್ಕೆ ಕಲ್ಲು ಬಡಿದು ಬಿಗಿ ಮಾಡಿದರು. ಹೋಟೆಲಿನಲ್ಲಿ ಕಲ್ಲು ನುಣುಪಾದಾಗ ಅದಕ್ಕೆ ಉಳಿ ಹಾಕುತ್ತಿದ್ದವರೂ ಅವರೇ. ಅದೇ ಉಳಿಯಿಂದ ಗುಂಡಿನ ದಡದ ಕಡೆಯ ಮೈಮೇಲೆ ಏಳು ಗೆರೆ ಕೊರೆದರು, ಎರಡೆರಡು ಬೆರಳಿನ ಅಂತರ. ಮೇಲಿನ ಮೂರು ಅಪಾಯದ ಗೆರೆ. ನೀರು ಅಲ್ಲಿಗೆ ಬಂದರೆ ಕೋಡಿಯ ಹಲಗೆ ತೆಗೆಯಬೇಕು. ದೂರಕ್ಕೆ ಕಾಣಲಿ ಎಂದು ಆ ಮೂರಕ್ಕೆ ಮಾತ್ರ ಸುಣ್ಣ ತುಂಬಿದರು.

ಕಪ್ಪು ಕಲ್ಲು, ಬುಡದಲ್ಲಿ ದುಂಡು ಪೀಠ, ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆ. ನಮಗೆ ಯಾರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ರುಬ್ಬುವ ಕಲ್ಲು ನೋಡಿದ ಕಣ್ಣಿಗೆ ಅದು ರುಬ್ಬುವ ಕಲ್ಲೇ. ಇಲ್ಲಿಯವರು ಅಂಥದ್ದನ್ನು ನೋಡಿದವರಲ್ಲ. ಅವರ ಮನೆಯಲ್ಲಿರುವುದು ಚಪ್ಪಟೆ ಅರೆಯುವ ಕಲ್ಲು, ಸಿಲ್‌ಬಟ್ಟಾ.

ಶ್ರಾವಣದ ಮೊದಲ ಸೋಮವಾರ ಮಗಳು ಶ್ರಾವ್ಯಾಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಮಟ್ಟ ಓದಲು ಹೋದೆ. ದಿನಾ ಡೈರಿ ಬರೆಯುವವಳು ಇದನ್ನೂ ಬರೆದುಕೋ ಎಂದು ಗುಂಪು ಆ ಕೆಲಸ ನನಗೆ ಕೊಟ್ಟಿತ್ತು. ಕಲ್ಲಿನ ತಲೆಯ ಮೇಲೆ ಬಿಲ್ವದ ಎಲೆ ಇತ್ತು. ಮುಂದಿನ ಸೋಮವಾರ ಹಾಲು. ಮೂರನೇ ಸೋಮವಾರ ರಾಮ್‌ಕಲಿ ದಾದಿ ಮೊಣಕಾಲವರೆಗೆ ನೀರಿಗಿಳಿದು, ಸೆರಗು ಹೊದ್ದು, ಅದಕ್ಕೆ ಹಣೆ ಮುಟ್ಟಿಸುತ್ತಿದ್ದರು. ಸೊಸೆಗೆ ಒಂಬತ್ತು ವರ್ಷದಿಂದ ಮಕ್ಕಳಿರಲಿಲ್ಲ.

ಅದೇ ವಾರದಿಂದ ಮಲಬಾ ತರುವ ಟ್ರಾಲಿಗಳು ನಿಂತವು. ಬಂದವರು ಕಲ್ಲನ್ನು ನೋಡಿ, ಕೈಮುಗಿದು, ಟ್ರಾಕ್ಟರ್ ತಿರುಗಿಸಿಕೊಂಡು ಹೋದರು. ಚಂದ್ರಮೋಹನ್ ಸರ್ ಮೀಸೆಯಲ್ಲಿ ನಕ್ಕರು. "ನಮ್ಮ ಬೋರ್ಡಿಗೆ ಹೆದರದವರು ಇದಕ್ಕೆ ಹೆದರಿದ್ರಲ್ಲ. ಬಿಡಿ, ಒಳ್ಳೇದೇ ಆಯ್ತು."

ಕಾಂತಪ್ಪಣ್ಣನಿಗೆ ಸಮಾಧಾನ ಇರಲಿಲ್ಲ. ನನ್ನನ್ನು ಬದಿಗೆ ಕರೆದು ಕೇಳಿದರು. "ಹೇಳ್ಬೇಕಾ ನಿರೀಕ್ಷಕ್ಕ? ಇದು ಉದ್ದು ಅರೆದ ಕಲ್ಲು ಅಂತ?"

"ಸ್ವಲ್ಪ ದಿನ ನೋಡೋಣ ಅಣ್ಣ," ಅಂದೆ. ಇದನ್ನೂ ಬರೆದಿಡಬೇಕು. ಅಂದದ್ದು ನಾನು.

ಆ ಮಳೆಗಾಲ ನೀರು ನಾಲ್ಕನೇ ಗೆರೆ ಮುಟ್ಟಿತು. ದಾದಿಯ ಮನೆಯ ಹಿಂದಿನ ಒಣಬಾವಿಯ ತಳದಲ್ಲಿ ಪಸೆ ಕಾಣಿಸಿಕೊಂಡಿತು. ಝುಗ್ಗಿಗಳಿಗೆ ಹನಿ ನೀರು ನುಗ್ಗಲಿಲ್ಲ. ಕಾರ್ತಿಕದ ಹೊತ್ತಿಗೆ ಸೊಸೆಗೆ ನಾಲ್ಕು ತಿಂಗಳು ಎಂದು ಸುದ್ದಿ ಬಂತು. ಕಾಂತಪ್ಪಣ್ಣ ಅಲ್ಲಿಂದ ಮುಂದೆ ಕಲ್ಲಿನ ಬದಿಗೆ ಹೋಗಲೇ ಇಲ್ಲ. ಭಾನುವಾರಗಳಲ್ಲಿ ಆಚೆ ತುದಿಯ ಕೋಡಿಯ ಹತ್ತಿರ ಕೆಲಸ ಹುಡುಕಿಕೊಳ್ಳುತ್ತಿದ್ದರು.

ಸದ್ದನ್ನು ನಾನು ಮೊದಲು ಕೇಳಿದ್ದು ಪುಷ್ಯದ ಮಂಜಿನಲ್ಲಿ. ಬೆಳಿಗ್ಗೆ ಏಳೂವರೆ. ಚಾಚಿದ ಕೈ ಕಾಣದಷ್ಟು ಮಂಜು. ಜೋಹಡಿನಲ್ಲಿ ಪಾದ ಮುಳುಗುವಷ್ಟು ನೀರು ಉಳಿದಿತ್ತು. ಬಾಯಿಯ ಕಡೆಯಿಂದ ಗರಗರ, ಗರಗರ. ನಡುನಡುವೆ ಒಂದು ಲೊಚಕ್. ನಾನು ಹೋಟೆಲಿನವರ ಮನೆಯ ಮಗಳು, ಹೋಟೆಲಿನವರ ಮನೆಯ ಸೊಸೆ. ನೆನೆದ ಉದ್ದು ಕಲ್ಲಿಗೆ ಬಿದ್ದು ನೊರೆ ಬರುವಾಗಿನ ಸದ್ದು ಅದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. "ಅಣ್ಣ?" ಎಂದು ಕರೆದೆ. ಸದ್ದು ನಿಂತಿತು. ಹತ್ತಿರ ಹೋದರೆ ಯಾರೂ ಇಲ್ಲ. ಗೆರೆ ಓದಲು ಬಗ್ಗಿದವಳು ಸಮತೋಲಕ್ಕೆ ಕಲ್ಲಿನ ಮೇಲೆ ಕೈ ಇಟ್ಟೆ. ಆ ಚಳಿಯಲ್ಲಿ ಅದು ಬೆಚ್ಚಗಿತ್ತು.

ಮನೆಗೆ ಬಂದು ಡೈರಿಯಲ್ಲಿ ಬರೆದೆ: ಮಟ್ಟ, ಒಂದನೇ ಗೆರೆಗಿಂತ ಕೆಳಗೆ. ಉಳಿದದ್ದನ್ನು ಬರೆಯಲು ಧೈರ್ಯ ಬಂದದ್ದು ಒಂಬತ್ತು ದಿನಗಳ ನಂತರ, ಗೆರೆಗಳೇ ಕಾಣದಿದ್ದಾಗ. ದಡದ ಕಡೆ ಇದ್ದ ಏಳೂ ಗೆರೆ ಗುಡ್ಡದ ಕಡೆಗೆ ಹೋಗಿದ್ದವು. ಯಾರೋ ಪೂಜೆ ಮಾಡುವಾಗ ಗುಂಡು ತಿರುಗಿರಬೇಕು ಅಂದುಕೊಂಡೆ. ಹತ್ತು ದಿನಕ್ಕೆ ಮತ್ತೆ ದಡದ ಕಡೆಗೆ ಬಂದವು. ಆಮೇಲೆ ಮತ್ತೆ ಗುಡ್ಡಕ್ಕೆ. ನಾನು ಪ್ರತಿ ಬೆಳಿಗ್ಗೆ ದಿಕ್ಕು ಬರೆದುಕೊಳ್ಳತೊಡಗಿದೆ. ಒಂದೂ ದಿನ ಹಿಂದಕ್ಕೆ ಹೋಗಿರಲಿಲ್ಲ. ರುಬ್ಬುವವರು ತಿರುಗಿಸುವ ದಿಕ್ಕಿಗೇ, ದಿನಕ್ಕೆ ಎರಡು ಬೆರಳು.

ಒಂದು ಭಾನುವಾರ ಶ್ರಾವ್ಯಾಳನ್ನು ಜೊತೆಗೆ ಕರೆದೊಯ್ದಿದ್ದೆ. ಅವಳಿಗೆ ಆರು ವರ್ಷ. ದಡದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದವಳು ಹೇಳಿದಳು, "ಮಮ್ಮಾ, ವೋ ಘೂಮ್ ರಹಾ ಹೈ."

"ಏನು ಸುತ್ತುತ್ತಿದೆ ಪುಟ್ಟಾ?"

"ಸ್ಟೋನ್. ಅಂಕಲ್ ಸುಸ್ತಾದಾಗ ನಿಲ್ಲುತ್ತೆ."

"ಯಾವ ಅಂಕಲ್?"

ಅವಳು ಕೋಡಿಯ ಕಡೆ ಬೆರಳು ತೋರಿಸಿದಳು. ಇನ್ನೂರು ಹೆಜ್ಜೆ ದೂರದಲ್ಲಿ ಕಾಂತಪ್ಪಣ್ಣ ಸಲಿಕೆ ಒರಗಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಮಗುವನ್ನು ಎತ್ತಿಕೊಂಡು ಮನೆಗೆ ಬಂದೆ. ಅಂದು ಅವಳ ಟಿಫನ್ ಡಬ್ಬಿ ತೊಳೆಯುವುದನ್ನೇ ಮರೆತೆ.

ಉಮಾವತಿಯಕ್ಕನನ್ನು ಈ ಬಗ್ಗೆ ಕೇಳಿದ್ದು ಹೋಳಿ ಕಳೆದ ಮೇಲೆ. ಅವರು ಅದಕ್ಕೇ ಕಾಯುತ್ತಿದ್ದವರ ಹಾಗೆ ಗಂಡನ ಬಲಗೈ ಎಳೆದು ನನ್ನ ಮುಂದೆ ಬಿಡಿಸಿದರು. "ನೋಡಿ. ಮಶೀನು ಬಂದು ಹದಿನೆಂಟು ವರ್ಷ ಆಯ್ತಲ್ಲ, ಜಡ್ಡು ಪೂರಾ ಹೋಗಿ ನನ್ನ ಕೈಗಿಂತ ಮೆತ್ತಗಾಗಿತ್ತು. ಈಗ ನೋಡಿ."

"ಸಲಿಕೆ ಹಿಡಿದದ್ದಕ್ಕೆ ಅಕ್ಕ," ಅಂದೆ.

"ಸಲಿಕೆಯ ಜಡ್ಡು ಬೆರಳಿನ ಬುಡಕ್ಕೆ ಬರ್ತದೆ. ಇದು ಎಲ್ಲಿ ಉಂಟು?" ಅಂಗೈಯ ನಟ್ಟನಡುವೆ, ಗುಂಡಿನ ತಲೆ ಕೂರುವ ಜಾಗದಲ್ಲಿ, ರೂಪಾಯಿಯಷ್ಟು ಅಗಲದ ಹಳದಿ ಜಡ್ಡು. "ಮಧ್ಯಾಹ್ನ ಒರಗಿದರೆ ಸಾಕು, ನಿದ್ದೆಯಲ್ಲಿ ಕೈ ತಿರುಗ್ತದೆ. ಎದ್ದ ಮೇಲೆ ಭುಜ ನೋವು ಅಂತಾರೆ. ಸಂಬಳ ಇಲ್ಲದ ಕೆಲಸ ಯಾಕೆ ಒಪ್ಪಿಕೊಂಡಿರಿ ಮಾರಾಯ್ರೆ ಅಂತ ಕೇಳಿದೆ. ನಗ್ತಾರೆ."

ಕಾಂತಪ್ಪಣ್ಣ ಆಗ ನಗಲಿಲ್ಲ. ಕೈ ಮುಚ್ಚಿಕೊಂಡರು. "ಸುಳ್ಳು ಹೇಳಿ ಕೂರಿಸಿದ್ದೇವಲ್ಲ ಅಕ್ಕ. ಕೆಲಸದ ಕಲ್ಲು ಅದು. ಸುಮ್ಮನೆ ಕೂತು ಅಭ್ಯಾಸ ಇಲ್ಲ ಅದಕ್ಕೆ."

ಜೂನ್ ಮೊದಲ ವಾರ ಸಂಗತಿ ಬೇರೆ ಕಡೆಗೆ ಹೊರಳಿತು. ದಾದಿಗೆ ಮೊಮ್ಮಗ ಹುಟ್ಟಿ ಎರಡು ತಿಂಗಳಾಗಿತ್ತು. ಹರಕೆ ತೀರಿಸಬೇಕು. ಊರಿನವರು ಸೇರಿ ಕಲ್ಲಿನ ಸುತ್ತ ಸಿಮೆಂಟಿನ ಕಟ್ಟೆ, ಮೂರು ಬದಿಗೆ ಗೋಡೆ, ಮೇಲೆ ಚಾವಣಿ ಎಂದು ತೀರ್ಮಾನಿಸಿದರು. ಕಲ್ಲು ನಿಂತದ್ದು ಬಾಯಿಯ ನಡುವೆ. ಗೋಡೆ ಎದ್ದರೆ ಬಾಯಿ ಮುಚ್ಚಿತು. ಗುಡ್ಡದ ನೀರು ಹಳೆಯ ಹಾಗೆ ರಸ್ತೆ ಹಾರಿ ಝುಗ್ಗಿಗೆ ಇಳಿಯುತ್ತದೆ, ಜೋಹಡ್ ಒಣಗುತ್ತದೆ. ಮಳೆಗೆ ಇದ್ದದ್ದು ಮೂರು ವಾರ.

ಕಲ್ಲನ್ನು ದಡದ ಮೇಲಕ್ಕೆ ಸರಿಸೋಣ ಎಂದು ಚಂದ್ರಮೋಹನ್ ಸರ್ ದಾದಿಗೆ ಕೈಮುಗಿದು ಕೇಳಿದರು. "ತಾನಾಗಿ ಬಂದು ನಿಂತ ಭೋಲೇನಾಥನನ್ನು ಸರಿಸಲು ನೀನು ಯಾರು ಬಾಬೂಜಿ?" ಅಂದರು ದಾದಿ. ಪಂಚರೂ ಹಾಗೇ ಅಂದರು. ಕಚೇರಿಗಳಿಗೆ ಬರೆದ ಪತ್ರಕ್ಕೆ, ಸ್ಥಳೀಯರೊಂದಿಗೆ ಮಾತಾಡಿ ಬಗೆಹರಿಸಿಕೊಳ್ಳಿ ಎಂಬ ಉತ್ತರ ಬಂತು.

ಆ ಸಂಜೆ ನಮ್ಮ ಮನೆಯಲ್ಲಿ ಕೂತೆವು. ಚಂದ್ರಮೋಹನ್ ಸರ್ ಚಹಾ ಮುಟ್ಟಲಿಲ್ಲ. "ನಿಜ ಹೇಳಿದ್ರೆ ಏನಾಗುತ್ತೆ ಗೊತ್ತಾ? ಒಂದು ವರ್ಷ ಮೋಸ ಮಾಡಿದ್ರು ಅಂತ ಗುಂಪನ್ನೇ ಊರಾಚೆ ಹಾಕ್ತಾರೆ. ಸುಮ್ಮನಿರೋದು ವಾಸಿ. ಬೇರೆ ದಾರಿ ಹುಡುಕೋಣ."

"ಯಾವ ದಾರಿ ಸರ್?" ಕಾಂತಪ್ಪಣ್ಣ ಕೇಳಿದರು.

ಸರ್ ತಣ್ಣಗಾದ ಚಹಾದ ಲೋಟವನ್ನು ದೂರ ಸರಿಸಿದರು.

"ನಮಗೆ ಆ ಕೋಣೆ ಬಿಟ್ಟರೆ ಹೋಗಲಿಕ್ಕೆ ಜಾಗ ಇಲ್ಲ," ಅಂದರು ಉಮಾವತಿಯಕ್ಕ. ಆಮೇಲೆ ಅವರೇ ಅಂದರು, "ಹೇಳುವುದಾದರೆ ಬಾಯಲ್ಲಿ ಹೇಳಬೇಡಿ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನಾಳೆಗೆ ಉದ್ದು ನೆನೆ ಹಾಕ್ತೇನೆ."

ಮರುದಿನ ಬೆಳಿಗ್ಗೆ ಎಂಟಕ್ಕೆ ಭೂಮಿಪೂಜೆ. ಪಾಯದ ಕಾಲುವೆ ತೋಡಿ ಆಗಿತ್ತು. ಸಿಮೆಂಟು ಚೀಲ, ಇಟ್ಟಿಗೆ, ಮೇಸ್ತ್ರಿ ಮತ್ತು ಇಬ್ಬರು ಕೂಲಿಗಳು. ದಾದಿ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಅರವತ್ತು ಎಪ್ಪತ್ತು ಜನ ಇದ್ದರು. ಜೋಹಡಿನ ತಳ ಒಣಗಿ ಬಿರಿದಿತ್ತು, ಒರಳು ಬುಡದವರೆಗೂ ಕಾಣುತ್ತಿತ್ತು. ಕಾಂತಪ್ಪಣ್ಣ ದಡದಲ್ಲಿ ಚಪ್ಪಲಿ ಬಿಟ್ಟು, ಬಕೆಟ್ ಮತ್ತು ಉದ್ದಿನ ಪಾತ್ರೆ ಹಿಡಿದು ಜನರ ನಡುವೆ ಹೋದರು. ಪ್ರಸಾದಕ್ಕೆ ಏನೋ ತಂದಿದ್ದಾರೆ ಎಂದು ದಾರಿ ಬಿಟ್ಟರು. ನಾನು ಹಿಂದೆ ಇದ್ದೆ.

ಅವರು ಕಲ್ಲಿಗೆ ಕೈಮುಗಿದರು. ನೀರು ಸುರಿದು ತೊಳೆದರು. ಆಮೇಲೆ ಗುಂಡಿನ ಬುಡದ ಚಕ್ಕೆ ಕಲ್ಲುಗಳನ್ನು ತೆಗೆಯಲು ಒರಳಿನೊಳಗೆ ಬೆರಳು ಹಾಕಿದವರು ಹಾಗೇ ನಿಂತರು. ಸುತ್ತ ತಡಕಿದರು. ತಿರುಗಿ ನನ್ನನ್ನು ನೋಡಿದರು. ಚಕ್ಕೆಗಳು ಇರಲಿಲ್ಲ. ಒರಳಿನ ಒಳಮೈ ನಿನ್ನೆ ತೊಳೆದಿಟ್ಟ ಹಾಗೆ ನುಣ್ಣಗೆ, ಮಣ್ಣಿನ ಒಂದು ಕಣವಿಲ್ಲದೆ ಇತ್ತು. ಒಂದು ವರ್ಷ ಕೆಸರಿನಲ್ಲಿ ಹೂತಿದ್ದ ಕಲ್ಲು.

ಅವರು ಕೂತರು. ಕಾಲು ಅಗಲಿಸಿ, ಲುಂಗಿ ಸರಿಮಾಡಿ, ಒಂದು ಹಿಡಿ ಉದ್ದು ಹಾಕಿ, ಬಲಗೈಯನ್ನು ಗುಂಡಿನ ತಲೆಯ ಮೇಲೆ ಇಟ್ಟರು.

ಗರಗರ, ಗರಗರ. ಲೊಚಕ್.

ಪುರೋಹಿತರ ಮಂತ್ರ ನಿಂತಿತು. ಒಬ್ಬ ಹುಡುಗ "ಏಯ್" ಎಂದು ಮುಂದೆ ಬಂದ. ದಾದಿ ಕೈ ಅಡ್ಡ ಹಿಡಿದು ಅವನನ್ನು ತಡೆದರು. ಹಿಟ್ಟು ನೊರೆಯಾಗಿ ಒರಳಿನ ಬಾಯಿಗೆ ಏರಿತು. ಬಿಳಿ ಗೆರೆಗಳು ಕಾಂತಪ್ಪಣ್ಣನ ಕೈಯ ಕೆಳಗೆ ಸುತ್ತುತ್ತಿದ್ದವು. ಅಷ್ಟು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ. ಅದು ಸಿಟ್ಟಿನ ಮೌನ ಅಲ್ಲವೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದರು.

"ದಾದಿ," ಕಾಂತಪ್ಪಣ್ಣ ಕೈ ನಿಲ್ಲಿಸದೆ ಹಿಂದಿಯಲ್ಲಿ ಹೇಳಿದರು, "ಇದು ನನ್ನ ಅಡುಗೆಮನೆಯ ಕಲ್ಲು. ಇಪ್ಪತ್ತೆರಡು ವರ್ಷ ಇದರಲ್ಲಿ ದೋಸೆಗೆ ರುಬ್ಬಿದ್ದೇನೆ. ನೀರು ಅಳೆಯಲು ನಾನೇ ತಂದಿಟ್ಟೆ. ಗೆರೆ ಕೊರೆದದ್ದು ನಾನು, ಸುಣ್ಣ ತುಂಬಿದ್ದು ನಾನು. ನೀವು ಕೈಮುಗಿದಾಗ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನನ್ನದು."

ದಾದಿ ಅವರ ಕೈಯನ್ನೇ ನೋಡುತ್ತಿದ್ದರು. "ದಿನಾ ಬಂದು ತಿರುಗಿಸುವಾಗ ಹೇಳಬಹುದಿತ್ತಲ್ಲ ಅಣ್ಣಾಜಿ."

ಕೈ ನಿಂತಿತು. "ನಾನು ಬಂದಿಲ್ಲ ದಾದಿ."

"ಬಂದಿದ್ದೀರಿ. ಎಮ್ಮೆ ಬಿಡುವ ಹೊತ್ತಿಗೆ, ಮಂಜಿನಲ್ಲಿ. ನಾನು ಕೇಳಿದ್ದೇನೆ. ನನ್ನ ಸೊಸೆ ಕೇಳಿದ್ದಾಳೆ. ಈ ಊರಲ್ಲಿ ಇದನ್ನು ಕೇಳದವರು ಯಾರಿದ್ದಾರೆ?" ದಾದಿ ಹಿಂದಿರುಗಿ ನೋಡಿದರು. ಯಾರೂ ಇಲ್ಲ ಅನ್ನಲಿಲ್ಲ. "ಶಿವ ಒಳಗೆ ಉಸಿರಾಡುತ್ತಾನೆ ಅಂದುಕೊಂಡೆವು. ಈಗ ಗೊತ್ತಾಯಿತು, ನೀವು."

"ಶ್ರಾವಣದಿಂದ ಈಚೆಗೆ ಇದನ್ನು ಮುಟ್ಟಿದ್ದು ಇವತ್ತೇ ಮೊದಲು. ಉಮಾವತಿಯ ಮೇಲೆ ಆಣೆ."

ಮೇಸ್ತ್ರಿ ಕರಣೆಯನ್ನು ನೆಲಕ್ಕೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ದಾದಿ ಮಗುವನ್ನು ಸೊಸೆಗೆ ಕೊಟ್ಟು ಒರಳಿನ ಹತ್ತಿರ ಬಂದರು. ಒಂದು ಬೆರಳನ್ನು ಹಿಟ್ಟಿಗೆ ಅದ್ದಿ ಹೆಬ್ಬೆರಳಿನಿಂದ ಉಜ್ಜಿ ನೋಡಿದರು, ಎಮ್ಮೆಯ ಹಾಲು ನೋಡುವ ಹಾಗೆ. ಆಮೇಲೆ ಮಾತಾಡಿದರು. ಈ ಸಲ 'ನೀವು' ಇರಲಿಲ್ಲ.

"ಒಂದು ವರ್ಷ ನನ್ನ ಕೈಯಿಂದ ಹಾಲು ಹಾಕಿಸಿದೆ."

"ಹೌದು ದಾದಿ."

"ನನ್ನ ಮೊಮ್ಮಗ?"

ಈ ಪ್ರಶ್ನೆಗೆ ನಾನು, ಚಂದ್ರಮೋಹನ್ ಸರ್ ಏನು ಹೇಳುತ್ತಿದ್ದೆವೋ. ಕಾಂತಪ್ಪಣ್ಣ ಹಿಟ್ಟು ಮೆತ್ತಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಯೋಚಿಸಿದರು. "ಅದು ನನಗೆ ಗೊತ್ತಿಲ್ಲ. ಅವನನ್ನು ಈ ಕಲ್ಲು ಕೊಡಲಿಲ್ಲ ಅನ್ನಲಿಕ್ಕೆ ನಾನು ಯಾರು? ಕಲ್ಲು ಎಲ್ಲಿಂದ ಬಂತು ಅಂತ ಗೊತ್ತು, ಅದನ್ನು ಹೇಳಿದೆ. ಈ ಬಾಯಿ ಮುಚ್ಚಿದರೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತು, ಅದು ನಿಮಗೂ ಗೊತ್ತು. ನಡುವಿನದ್ದು ನನಗೂ ಅರ್ಥವಾಗಿಲ್ಲ."

ದಾದಿ ಝುಗ್ಗಿಗಳ ಕಡೆ ನೋಡಲಿಲ್ಲ, ಗುಡ್ಡದ ಕಡೆ ನೋಡಿದರು. ಆಮೇಲೆ ಮೇಸ್ತ್ರಿಗೆ ಹೇಳಿದರು: "ಪಾಯ ಮುಚ್ಚು. ಕಟ್ಟೆ ಅಲ್ಲಿ, ಮೇಲಿನ ದಿಬ್ಬದ ಮೇಲೆ ಕಟ್ಟು. ಅಲ್ಲಿಂದ ಕೈಮುಗಿದರೂ ಕಾಣುತ್ತದೆ. ಕಲ್ಲನ್ನು ಯಾರೂ ಕೀಳಬೇಡಿ. ಬಾಯಿಯನ್ನೂ ಯಾರೂ ಮುಚ್ಚಬೇಡಿ. ಅದರ ಕೆಲಸ ಏನೋ ಇದೆ, ಅದು ಮಾಡಿಕೊಳ್ಳಲಿ." ಕಾಂತಪ್ಪಣ್ಣನ ಕಡೆ ತಿರುಗಿದರು. "ನೀನು ಮಾತ್ರ ಈ ಜೋಹಡಿಗೆ ಇನ್ನು ಕಾಲಿಡಬೇಡ."

ಅವರು ತಲೆಯಾಡಿಸಿದರು. ಹಿಟ್ಟನ್ನು ಪಾತ್ರೆಗೆ ತೆಗೆದು, ಕಲ್ಲನ್ನು ತೊಳೆದು, ಗೆರೆಗಳನ್ನು ದಡದ ಕಡೆಗೆ ತಿರುಗಿಸಿ ನಿಲ್ಲಿಸಿ ಹೊರಟರು. ಆ ಹಿಟ್ಟನ್ನು ಹೋಟೆಲಿನಲ್ಲಿ ಯಾರೂ ಮುಟ್ಟಲಿಲ್ಲ. ಮಾವ ಅದನ್ನು ಹಿತ್ತಿಲಿನ ಬೇವಿನ ಬುಡಕ್ಕೆ ಸುರಿಸಿದರು.

ಕೋಣೆ ಬಿಡಿ ಎಂದು ದಾದಿ ಹೇಳಲಿಲ್ಲ. ಮಾತು ಬಿಟ್ಟರು. ಎಮ್ಮೆ ಹಾಲು ಬಾಗಿಲಿಗೆ ಬರುವುದು ನಿಂತಿತು. ಉಮಾವತಿಯಕ್ಕ ಎದುರು ಸಿಕ್ಕರೆ ದಾದಿ ಸೆರಗು ಸರಿಪಡಿಸಿಕೊಂಡು ಗೋಡೆ ನೋಡುತ್ತಿದ್ದರು. ಕಾಂತಪ್ಪಣ್ಣ ಎರಡು ಭಾನುವಾರ ಮನೆಯಲ್ಲಿ ಕೂತರು. "ಬಾಯಿ ತೆರೆದು ಉಂಟಲ್ಲ, ಅಷ್ಟು ಸಾಕು," ಅನ್ನುತ್ತಿದ್ದರು. ಸಾಕಾಗಿರಲಿಲ್ಲ, ನೋಡಿದರೆ ತಿಳಿಯುತ್ತಿತ್ತು. ಬೆಳಿಗ್ಗೆ ಆರಕ್ಕೇ ಎದ್ದು ಸಲಿಕೆ ಒರೆಸಿ ಮತ್ತೆ ಮೂಲೆಗೆ ಇಡುತ್ತಿದ್ದರಂತೆ.

ಮಳೆ ಬಂದದ್ದು ಜೂನ್ ಇಪ್ಪತ್ತೊಂಬತ್ತಕ್ಕೆ, ಬೆಳಗಿನ ಜಾವ, ಒಮ್ಮೆಲೇ. ಸ್ಕೂಲಿಗೆ ಇನ್ನೂ ಬೇಸಿಗೆ ರಜೆ ಇತ್ತು. ಶ್ರಾವ್ಯಾಳನ್ನು ಗಂಡ ರಿತೇಶನ ಹತ್ತಿರ ಬಿಟ್ಟು ನಾನು ರೇನ್‌ಕೋಟ್ ಹಾಕಿಕೊಂಡು ಓಡಿದೆ. ಗುಡ್ಡದ ಕೊರಕಲು ಕೆಂಪಗೆ ಇಳಿಯುತ್ತಿತ್ತು. ನೀರು ಕಲ್ಲನ್ನು ಎರಡೂ ಬದಿಯಿಂದ ಸುತ್ತಿ ಒಳಗೆ ಬೀಳುತ್ತಿತ್ತು. ಎಷ್ಟು ಗೆರೆ ಎಂದು ನೋಡಿದರೆ ಗೆರೆಗಳು ಈ ಬದಿಗೆ ಇರಲಿಲ್ಲ.

ದಾದಿ ತಲೆಯ ಮೇಲೆ ಗೋಣಿ ಹೊದ್ದು ಕೋಡಿಯ ಹತ್ತಿರ ನಿಂತಿದ್ದರು, ಜೊತೆಗೆ ಊರಿನ ಹತ್ತಾರು ಜನ. ಒಬ್ಬ ಹಲಗೆ ತೆಗೆಯೋಣ ಅಂದ, ಇನ್ನೊಬ್ಬ ಈಗಲೇ ತೆಗೆದರೆ ನೀರೆಲ್ಲ ಹೋಗುತ್ತದೆ ಅಂದ. ತಡಮಾಡಿದರೆ ಏರಿ ಒಡೆಯುತ್ತದೆ. ನನ್ನ ಡೈರಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಹೋದ ವರ್ಷ ನೀರು ಇಷ್ಟು ಬಂದಿರಲೇ ಇಲ್ಲ.

ರಸ್ತೆಯ ಆಚೆ, ಊರಿನ ಗಡಿಕಲ್ಲಿನ ಹತ್ತಿರ, ನೀಲಿ ಪ್ಲಾಸ್ಟಿಕ್ ಹೊದ್ದ ಇಬ್ಬರು ನಿಂತಿದ್ದರು. ದಾದಿಯೂ ನೋಡಿದರು. ನೋಡದ ಹಾಗೆ ಒಂದು ಸಲ ಮುಖ ತಿರುಗಿಸಿದರು. ನೀರು ಏರಿಯ ಹುಲ್ಲನ್ನು ನೆಕ್ಕಲು ಶುರುಮಾಡಿದಾಗ ಮತ್ತೆ ಆ ಕಡೆ ತಿರುಗಿ ಕೂಗಿದರು, "ಅಣ್ಣಾಜಿ. ತೆಗೆಯಬೇಕಾ, ಬೇಡವಾ?"

ಕಾಂತಪ್ಪಣ್ಣ ಅಲ್ಲಿಂದಲೇ ಕೂಗಿದರು. "ಇಲ್ಲಿಗೆ ಕಾಣುವುದಿಲ್ಲ ದಾದಿ."

"ಕಾಣುವ ಕಡೆ ಬಾ ಮತ್ತೆ."

ಅವರು ರಸ್ತೆ ದಾಟಿ, ಏರಿಯ ಮೇಲೆ ಬರಿಗಾಲಿನಲ್ಲಿ ಬಂದರು. ಕಲ್ಲಿನ ಕಡೆ ಕಣ್ಣೆತ್ತಲಿಲ್ಲ. ಕೋಡಿಯ ಮೇಲೆ ಬಗ್ಗಿ ನೀರಿನ ಬಣ್ಣ, ಸೆಳೆತ ನೋಡಿದರು. ಬಲಗೈಯನ್ನು ಪ್ಲಾಸ್ಟಿಕ್ಕಿನೊಳಗೆ ಬಿಗಿಯಾಗಿ ಹಿಡಿದುಕೊಂಡಿದ್ದರು.

"ಮೇಲಿನ ಎರಡು ಹಲಗೆ ಈಗ ತೆಗೆಯಿರಿ. ಕೆಳಗಿನದು ಇರಲಿ," ಅಂದರು.

ಇಬ್ಬರು ಹುಡುಗರು ಹಲಗೆ ಎಳೆದರು. ನೀರು ಒಂದು ಕ್ಷಣ ತಡೆದು, ಆಮೇಲೆ ನಾಲೆಗೆ ಬಿತ್ತು. ಏರಿಯ ಹುಲ್ಲು ನಿಧಾನವಾಗಿ ಮೇಲೆದ್ದಿತು. ಝುಗ್ಗಿಗಳ ಕಡೆಯ ರಸ್ತೆ ಮಳೆಗೆ ಒದ್ದೆಯಾಗಿತ್ತು, ಅಷ್ಟೇ. ದಾದಿ ತಮ್ಮ ಗೋಣಿಯ ಒಂದು ತುದಿ ಎತ್ತಿದರು. ಕಾಂತಪ್ಪಣ್ಣ ತಲೆ ಬಗ್ಗಿಸಿ ಅದರ ಕೆಳಗೆ ನಿಂತರು. ಇಬ್ಬರೂ ನೀರು ಯಮುನೆಯ ಕಡೆಗೆ ಹೋಗುವುದನ್ನು ನೋಡುತ್ತಿದ್ದರು.